ಸೈಕಲ್ ಏರುವ ಮುನ್ನ ಐದು ಬೆರಳಿನ ಪರೀಕ್ಷೆ

ತರಗತಿ: 8
ವಿಷಯ: ವಿಜ್ಞಾನ
ಕಲಿಕಾಂಶ: ಸೈಕಲ್‌ನಲ್ಲಿ ಒತ್ತಡ ಮತ್ತು ಘರ್ಷಣೆ, ಸುರಕ್ಷಿತ ಸವಾರಿಗೆ ತಪಾಸಣೆ
ಅವಧಿ: 40 ನಿಮಿಷಗಳ ಎರಡು ಪಾಠಗಳು
ಬೋಧನೋಪಕರಣಗಳು: ಮಕ್ಕಳದೇ ಸೈಕಲ್‌ಗಳು, ಗಾಳಿ ಪಂಪು, ಸ್ಪ್ಯಾನರು, ಗ್ರಾಫ್ ಹಾಳೆ, ಕಾರ್ಬನ್ ಹಾಳೆ, ಹಳೆಯ ಬಟ್ಟೆ, ಎಣ್ಣೆ

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ನಾನು ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ಹಲವು ಸೈಕಲ್‌ಗಳು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದಂಥವು. ಶಾಲೆ ದಿಣ್ಣೆಯ ಮೇಲಿದೆ. ಬೆಳಿಗ್ಗೆ ತಳ್ಳಿಕೊಂಡು ಬರುವ ಮಕ್ಕಳು ಸಂಜೆ ಇಳಿಜಾರಿನಲ್ಲಿ ಒಂದೇ ಓಟದಲ್ಲಿ ಇಳಿಯುತ್ತಾರೆ. ಆದ್ದರಿಂದ ‘ಘರ್ಷಣೆ’ ಪಾಠದ ವಿಸ್ತರಣಾ ಚಟುವಟಿಕೆಗೆ ನಾನು ಸೈಕಲ್ ತಪಾಸಣೆಯನ್ನೇ ಆರಿಸಿಕೊಂಡೆ.

ಪೂರ್ವಜ್ಞಾನ

“ಗಾಳಿ ಸೋರುತ್ತಿದೆಯೋ ಇಲ್ಲವೋ ಹೇಗೆ ತಿಳಿಯುತ್ತೀರಿ?” ಎಂದು ಕೇಳಿದೆ. “ವಾಲ್ ಬಾಯಿಗೆ ಎಂಜಲು ಹಚ್ಚಿದರೆ ಗುಳ್ಳೆ ಬರುತ್ತೆ ಮಿಸ್” ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ತರಗತಿ ನಕ್ಕಿತು, ಆದರೆ ಉತ್ತರ ಸರಿಯಾಗಿಯೇ ಇತ್ತು. ಮಕ್ಕಳಿಗೆ ಕ್ರಮಗಳು ಗೊತ್ತಿವೆ. ಅವುಗಳ ಹಿಂದಿನ ಕಾರಣವನ್ನು ಜೋಡಿಸುವುದು ನಮ್ಮ ಕೆಲಸ.

ಬೋಧನಾ ಕ್ರಮ

ನೆನಪಿಗೆ ಸುಲಭವಾಗಲೆಂದು ಒಂದೊಂದು ಬೆರಳಿಗೆ ಒಂದೊಂದು ಭಾಗವನ್ನು ಹೊಂದಿಸಿದೆ.

1. ಹೆಬ್ಬೆರಳು – ಗಾಳಿ. ಹೆಬ್ಬೆರಳಿನಿಂದ ಟಯರನ್ನು ಗಟ್ಟಿಯಾಗಿ ಒತ್ತಬೇಕು. ಸುಲಭವಾಗಿ ತಗ್ಗಿದರೆ ಗಾಳಿ ಸಾಲದು. ಟಯರಿನ ಪಕ್ಕದಲ್ಲಿ ತುಂಬಬೇಕಾದ ಒತ್ತಡದ ಅಂಕಿಯನ್ನು ಅಚ್ಚು ಹಾಕಿರುತ್ತಾರೆ. ಮಕ್ಕಳು ಅದನ್ನು ಹುಡುಕಿ ಓದಿದರು. ನಂತರ ಕಪ್ಪು ಹಲಗೆಯ ಮೇಲೆ ಲೆಕ್ಕ: ಸವಾರ 40 ಕೆ.ಜಿ., ಸೈಕಲ್ 20 ಕೆ.ಜಿ. ಎಂದುಕೊಂಡರೆ ಒಟ್ಟು ತೂಕ ಸುಮಾರು 600 ನ್ಯೂಟನ್. ಟಯರಿನೊಳಗಿನ ಒತ್ತಡ 3 ಲಕ್ಷ ಪ್ಯಾಸ್ಕಲ್ ಇದ್ದರೆ, ಎರಡೂ ಚಕ್ರ ಸೇರಿ ನೆಲವನ್ನು ಮುಟ್ಟುವ ಜಾಗ ಅಂದಾಜು 20 ಚದರ ಸೆಂ.ಮೀ. ಒತ್ತಡ ಅರ್ಧಕ್ಕಿಳಿದರೆ ಅದು 40 ಚದರ ಸೆಂ.ಮೀ. ಆಗುತ್ತದೆ. ಗ್ರಾಫ್ ಹಾಳೆಯ ಮೇಲೆ ಕಾರ್ಬನ್ ಹಾಳೆಯಿಟ್ಟು, ಅದರ ಮೇಲೆ ಚಕ್ರ ಇಳಿಸಿ, ಮೂಡಿದ ಗುರುತಿನ ಚೌಕಗಳನ್ನು ಎಣಿಸಿದಾಗ ಗಾಳಿ ಕಡಿಮೆಯಿದ್ದ ಚಕ್ರದ ಗುರುತು ಉದ್ದವಾಗಿರುವುದನ್ನು ಮಕ್ಕಳೇ ಕಂಡರು. ಟಯರು ಹೀಗೆ ನಜ್ಜಿದಾಗ ತುಳಿಯುವುದು ಕಷ್ಟ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ, ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ.

2. ತೋರುಬೆರಳು – ಬ್ರೇಕು. ಸೈಕಲ್ ತಳ್ಳಿಕೊಂಡು ನಡೆಯುತ್ತಾ ಒಂದೊಂದೇ ಬ್ರೇಕು ಹಿಡಿಯಬೇಕು. ಹಿಡಿದ ಚಕ್ರ ತಿರುಗದೆ ನಿಲ್ಲಬೇಕು. ಹಿಡಿ ಹ್ಯಾಂಡಲಿಗೆ ತಾಗಬಾರದು. ರಬ್ಬರು ರಿಮ್ಮಿನ ಮೇಲೆಯೇ ಕೂರಬೇಕು, ಟಯರನ್ನು ಉಜ್ಜಬಾರದು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತೇವೆ. ವೇಗ ಎರಡರಷ್ಟಾದರೆ, ಅಷ್ಟೇ ಬಲದ ಬ್ರೇಕಿಗೆ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಘರ್ಷಣೆ ಕುಗ್ಗಿ ಈ ದೂರ ಇನ್ನೂ ಹೆಚ್ಚುತ್ತದೆ.

3. ಮಧ್ಯದ ಬೆರಳು – ಚೈನು. ಮಧ್ಯಭಾಗದಲ್ಲಿ ಮೇಲೆ ಕೆಳಗೆ ಆಡಿಸಿದಾಗ ಸುಮಾರು ಅರ್ಧ ಇಂಚು ಸಡಿಲ ಇರಬೇಕು. ಹೆಚ್ಚು ಸಡಿಲವಾದರೆ ಚೈನು ಕಳಚುತ್ತದೆ, ತೀರ ಬಿಗಿಯಾದರೆ ಸವೆಯುತ್ತದೆ. ಚಕ್ರ ತಿರುಗುತ್ತಿರುವಾಗ ಚೈನಿಗೆ ಬೆರಳು ತಾಗಿಸಲೇಕೂಡದು. ಧೂಳನ್ನು ಬಟ್ಟೆಯಿಂದ ಒರೆಸಿ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಬೇಕು. “ಘರ್ಷಣೆ ಕಡಿಮೆ ಮಾಡಲು ಎಣ್ಣೆ ಅಂದಿರಿ, ಹಾಗಿದ್ದರೆ ರಿಮ್ಮಿಗೂ ಹಾಕೋಣವೇ?” ಎಂದು ಕೇಳಿದೆ. “ಅಯ್ಯೋ, ಬ್ರೇಕೇ ಹಿಡಿಯಲ್ಲ ಮಿಸ್!” ಘರ್ಷಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಆ ಒಂದು ಉತ್ತರದಲ್ಲೇ ಬಂತು.

4. ಉಂಗುರದ ಬೆರಳು – ಗಾಲಿ. ಗಾಲಿಯನ್ನು ಎತ್ತಿ ತಿರುಗಿಸಿ, ರಿಮ್ಮಿಗೂ ಬ್ರೇಕ್ ರಬ್ಬರಿಗೂ ನಡುವಿನ ಸಂದನ್ನು ನೋಡಬೇಕು. ಸಂದು ಹಿಗ್ಗಿ ಕುಗ್ಗಿದರೆ ರಿಮ್ಮು ಬೆಂಡಾಗಿದೆ. ಗಾಲಿ ನಿಂತ ಮೇಲೆ ಕಡ್ಡಿಗಳನ್ನು ಉಗುರಿನಿಂದ ಮೀಟಬೇಕು. ಒಂದೇ ಪಕ್ಕದ ಉಳಿದ ಕಡ್ಡಿಗಳಿಗಿಂತ ಮಂದವಾಗಿ ನುಡಿಯುವುದು ಸಡಿಲವಾದ ಕಡ್ಡಿ. ‘ಶಬ್ದ’ ಪಾಠಕ್ಕೂ ಇದು ನೆರವಾಗುತ್ತದೆ.

5. ಕಿರುಬೆರಳು – ಉಳಿದ ಬಿಗಿ. ಮುಂದಿನ ಗಾಲಿಯನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿದರೆ ಅದು ಜಾರಬಾರದು. ಸೀಟು, ಪೆಡಲು, ಗಾಲಿಯ ನಟ್ಟು, ಕ್ಯಾರಿಯರು ಅಲುಗಬಾರದು. ಬೆಲ್ಲು ನುಡಿಯಬೇಕು, ಹಿಂದಿನ ಕೆಂಪು ರಿಫ್ಲೆಕ್ಟರು ಸ್ವಚ್ಛವಾಗಿರಬೇಕು.

ಮೌಲ್ಯಮಾಪನ

ಎರಡನೇ ಪಾಠದಲ್ಲಿ ನಾಲ್ವರ ಗುಂಪುಗಳು ಒಂದೊಂದು ಸೈಕಲ್ ಪರೀಕ್ಷಿಸಿದವು. ತಪಾಸಣಾ ಪಟ್ಟಿಯ ಕೊನೆಯಲ್ಲಿ ಎರಡೇ ಆಯ್ಕೆ: ‘ಹೋಗಬಹುದು’, ‘ಇಂದು ಬೇಡ’. ಆಯ್ಕೆಗೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು.

ಒಂದು ಗುಂಪು ತನ್ನ ಗೆಳತಿಯ ಸೈಕಲ್‌ಗೆ ‘ಇಂದು ಬೇಡ’ ಎಂದು ಬರೆಯಿತು. ಹಿಂದಿನ ಬ್ರೇಕಿನ ರಬ್ಬರು ಸವೆದು ಲೋಹ ಕಾಣುತ್ತಿತ್ತು. ಮುಂದಿನ ಹಿಡಿ ಹ್ಯಾಂಡಲಿಗೇ ತಾಗುತ್ತಿತ್ತು. ಆ ಹುಡುಗಿ ದಿನವೂ ಕ್ಯಾರಿಯರ್ ಮೇಲೆ ತಮ್ಮನನ್ನು ಕೂರಿಸಿಕೊಂಡು ಆ ಇಳಿಜಾರು ಇಳಿಯುವವಳು. ಅವಳು ಕೇಳಿದಳು: “ಹಾಗಾದ್ರೆ ಮನೆಗೆ ಹೇಗೆ ಹೋಗ್ಲಿ ಮಿಸ್?”

ಪಾಠದ ನಿಜವಾದ ಪ್ರಶ್ನೆ ಇದೇ. ಪ್ರಶ್ನೆಯನ್ನು ತರಗತಿಯ ಮುಂದಿಟ್ಟೆ. ಮುಂದಿನ ಬ್ರೇಕನ್ನು ನಟ್ಟು ತಿರುಗಿಸಿ ಬಿಗಿ ಮಾಡಬಹುದು, ಸವೆದ ರಬ್ಬರನ್ನು ಬದಲಿಸಲೇಬೇಕು ಎಂದು ಒಬ್ಬ ಹೇಳಿದ. ಒಂದೇ ಬ್ರೇಕು ನಂಬಿ ಇಬ್ಬರು ಇಳಿಯುವುದು ಬೇಡ ಎಂದಳು ಇನ್ನೊಬ್ಬಳು. ಕೊನೆಗೆ ಸೈಕಲ್ ತಳ್ಳಿಕೊಂಡು ಇಳಿಯುವುದು, ಕೆಳಗಿನ ಸೈಕಲ್ ಶಾಪಿನಲ್ಲಿ ರಬ್ಬರು ಹಾಕಿಸುವುದು ಎಂದು ತೀರ್ಮಾನವಾಯಿತು. ಅದೇ ದಾರಿಯ ಇಬ್ಬರು ತಾವೂ ಜೊತೆಗೆ ನಡೆಯುತ್ತೇವೆಂದರು. ಮಾರನೆಯ ದಿನ ಹೊಸ ರಬ್ಬರನ್ನು ಅದೇ ಗುಂಪು ಮತ್ತೆ ಪರೀಕ್ಷಿಸಿ ‘ಹೋಗಬಹುದು’ ಎಂದು ಬರೆಯಿತು.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಈ ಪಾಠದಲ್ಲಿ ಭಾಗಗಳ ಹೆಸರು ಹೇಳಿಸುವುದಕ್ಕಿಂತ ‘ಇಂದು ಬೇಡ’ ಎನ್ನುವ ಧೈರ್ಯ ಮತ್ತು ಅದಕ್ಕೆ ಕಾರಣ ಕೊಡುವ ಶಕ್ತಿ ಮುಖ್ಯ ಕಲಿಕಾ ಫಲವಾಗಲಿ. ಬೇಡ ಎಂದ ಮೇಲೆ ಮಗು ಮನೆ ಸೇರುವ ದಾರಿಯೂ ನಮ್ಮ ಪಾಠಯೋಜನೆಯಲ್ಲಿ ಇರಬೇಕು. ಆದ್ದರಿಂದ ತಪಾಸಣೆಯನ್ನು ದಿನದ ಕೊನೆಯ ಅವಧಿಗೆ ಇಡದೆ, ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಿ. ದುರಸ್ತಿಗೆ ಸಮಯ ಸಿಗುತ್ತದೆ. ದೋಷವಿರುವ ಸೈಕಲ್‌ನ ಮಗುವನ್ನು ನಗೆಪಾಟಲಿಗೆ ಗುರಿಮಾಡದಂತೆ, ಎಲ್ಲ ಗುಂಪುಗಳೂ ಕನಿಷ್ಠ ಒಂದು ದೋಷ ಹುಡುಕಬೇಕೆಂದು ಮೊದಲೇ ಹೇಳಿ. ಗಾಳಿ, ಎಣ್ಣೆ, ನಟ್ಟಿನ ಬಿಗಿ ಮಕ್ಕಳ ಕೈಯಲ್ಲೇ ಆಗಲಿ. ಕಡ್ಡಿ ಬಿಗಿಸುವುದು, ಬೆಂಡು ತೆಗೆಯುವುದು ಶಾಪಿನವರ ಕೆಲಸ. ತಪಾಸಣಾ ಪಟ್ಟಿಯನ್ನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಅಂಟಿಸಿದರೆ, ನಮ್ಮ ಬೋಧನಾಭ್ಯಾಸ ಮುಗಿದ ಮೇಲೂ ಅದು ಅಲ್ಲಿ ಉಳಿಯುತ್ತದೆ.