ಕಿತ್ತಳೆ ಕ್ರೀಮ್ ಬಿಸ್ಕತ್ತು: ಘಮವೆಲ್ಲ ಸಿಪ್ಪೆಯಲ್ಲೇ

ಕ್ರೀಮ್ ಬಿಸ್ಕತ್ತನ್ನು ನೇರವಾಗಿ ಕಚ್ಚಿ ತಿನ್ನುವ ಮಕ್ಕಳು ಕಡಿಮೆ. ತಿರುಚಿ ಎರಡು ಮಾಡಿ, ಕ್ರೀಮ್ ನೆಕ್ಕಿ, ಬೋಳು ಬಿಸ್ಕತ್ತನ್ನು ಅಮ್ಮನ ಕೈಗಿಟ್ಟು ಓಡುತ್ತಾರೆ. ಮನೆಯಲ್ಲೇ ಮಾಡಿದರೆ ಆ ಬೋಳು ಬಿಸ್ಕತ್ತಿಗೂ ಗಿರಾಕಿ ಸಿಗುತ್ತದೆ. ಓಟಿಜಿ ಇದ್ದರೆ ಸುಮಾರು ಒಂದೂವರೆ ಗಂಟೆಯ ಕೆಲಸ.

ಹೆಚ್ಚಿನವರು ಎಡವುವುದು ಕ್ರೀಮಿನಲ್ಲಿ. ಘಮ ಹೆಚ್ಚಲಿ ಎಂದು ಕಿತ್ತಳೆ ರಸ ಸುರಿಯುತ್ತಾರೆ, ಕ್ರೀಮ್ ಒಡೆದು ನೀರಾಗುತ್ತದೆ. ರಸದಲ್ಲಿರುವುದು ಬಹುಪಾಲು ನೀರು, ಜೊತೆಗೆ ಒಂದಿಷ್ಟು ಸಿಹಿ, ಹುಳಿ. ಮೂಗಿಗೆ ಹತ್ತುವ ಎಣ್ಣೆ ಇರುವುದು ಸಿಪ್ಪೆಯ ಮೇಲಿನ ಸಣ್ಣ ಚುಕ್ಕಿಗಳಲ್ಲಿ. ಲಿಮೊನೀನ್ ಅದರ ಮುಖ್ಯ ಅಂಶ. ಅದು ನೀರಿನಲ್ಲಿ ಕರಗದು, ಬೆಣ್ಣೆಯಲ್ಲಿ ಬೆರೆಯುತ್ತದೆ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡಿದವರಿಗೆ ಸಿಪ್ಪೆಯ ಘಮವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಕ್ರೀಮಿಗೆ ಬೇಕಾದದ್ದು ಸಿಪ್ಪೆಯ ತುರಿ. ನಾಗಪುರದ್ದಿರಲಿ, ಕೊಡಗಿನದಿರಲಿ, ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ. ಸುಲಿದ ಮೇಲೆ ತುರಿಯಹೋದರೆ ಸಿಪ್ಪೆಯ ಜೊತೆ ಬೆರಳೂ ತುರಿಯುತ್ತದೆ! ಇಡೀ ಹಣ್ಣನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಹಗುರವಾಗಿ ಆಡಿಸಬೇಕು. ಬಿಳಿ ಕಂಡ ಕೂಡಲೇ ಹಣ್ಣನ್ನು ತಿರುಗಿಸಿಕೊಳ್ಳಬೇಕು, ಬಿಳಿ ಭಾಗ ಕಹಿ.

ಬಿಸ್ಕತ್ತಿಗೆ ಉಪ್ಪಿಲ್ಲದ ಬೆಣ್ಣೆ 125 ಗ್ರಾಂ, ಪುಡಿ ಸಕ್ಕರೆ 40 ಗ್ರಾಂ, ಮೈದಾ 125 ಗ್ರಾಂ, ವೆನಿಲಾ ಕಸ್ಟರ್ಡ್ ಪುಡಿ 35 ಗ್ರಾಂ, ಚಿಟಿಕೆ ಉಪ್ಪು. ಕಸ್ಟರ್ಡ್ ಪುಡಿ ಎಂದರೆ ಬಹುತೇಕ ಕಾರ್ನ್‌ಫ್ಲೋರ್. ಅದರಲ್ಲಿ ಮೈದಾದಂಥ ಅಂಟು ಇಲ್ಲದ್ದರಿಂದ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತದೆ. ಆಸ್ಟ್ರೇಲಿಯಾದವರು ಇಂಥ ಜೋಡಿ ಬಿಸ್ಕತ್ತಿಗೆ ಯೋಯೋ ಎನ್ನುತ್ತಾರೆ.

ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದ ಬೆಣ್ಣೆಗೆ ಸಕ್ಕರೆ ಸೇರಿಸಿ, ಬಣ್ಣ ತಿಳಿಯಾಗುವವರೆಗೆ ನೊರೆನೊರೆಯಾಗಿ ಕಲೆಸಬೇಕು. ಉಳಿದದ್ದನ್ನು ಜರಡಿ ಹಿಡಿದು ಬೆರೆಸಿ, ಹಿಟ್ಟು ಒಂದಾದರೆ ಸಾಕು, ಚಪಾತಿ ಹಿಟ್ಟಿನಂತೆ ನಾದಬಾರದು. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಮೈದಾದಲ್ಲಿ ಅದ್ದಿದ ಫೋರ್ಕಿನಿಂದ ಒತ್ತಿದರೆ ಗೆರೆಯೂ ಮೂಡುತ್ತದೆ. ಸುಮಾರು 26 ಬಿಸ್ಕತ್ತಾಗುತ್ತವೆ. ಟ್ರೇಯನ್ನು 20 ನಿಮಿಷ ಫ್ರಿಜ್ಜಿನಲ್ಲಿಡಬೇಕು. ಬೇಸಿಗೆಯಲ್ಲಂತೂ ಇದನ್ನು ಬಿಟ್ಟರೆ ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಮೊದಲೇ ಕಾಯಿಸಿದ ಓವನ್ನಿನಲ್ಲಿ 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಅಂಚು ತುಸು ಹೊಂಬಣ್ಣಕ್ಕೆ ತಿರುಗಿದರೆ ಆಯಿತು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡುವುದು ಬೇಡ. ಆರಿದ ಮೇಲೆ ಗಟ್ಟಿಯಾಗುತ್ತದೆ.

ಕ್ರೀಮಿಗೆ ಒಂದು ಹಣ್ಣಿನ ಸಿಪ್ಪೆ ತುರಿಯನ್ನು 100 ಗ್ರಾಂ ಪುಡಿ ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು. ಸಕ್ಕರೆ ತೇವಗೊಂಡು ತಿಳಿ ಕಿತ್ತಳೆ ಬಣ್ಣಕ್ಕೆ ಬರುವ ಹೊತ್ತಿಗೆ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಅದಕ್ಕೆ 50 ಗ್ರಾಂ ಮೆತ್ತನೆ ಬೆಣ್ಣೆ, ಒಂದು ಟೀ ಚಮಚ ಕಿತ್ತಳೆ ರಸ, ಅರ್ಧ ಟೀ ಚಮಚ ನಿಂಬೆರಸ. ನಿಂಬೆ ಬಿಟ್ಟರೆ ಕ್ರೀಮ್ ಬರೀ ಸಿಹಿ, ಎರಡನೆಯ ಬಿಸ್ಕತ್ತಿಗೆ ಕೈ ಹೋಗುವುದಿಲ್ಲ.

ಬಿಸ್ಕತ್ತು ಪೂರ್ತಿ ಆರಿದ ಮೇಲಷ್ಟೇ ಕ್ರೀಮ್ ಹಚ್ಚಿ ಜೋಡಿಸಿ. ಬಿಸಿ ಇದ್ದರೆ ಬೆಣ್ಣೆ ಕರಗಿ ಮೇಲಿನ ಬಿಸ್ಕತ್ತು ಜಾರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಇರುತ್ತದೆ. ತಿನ್ನುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆದಿಡಿ.