ಮೀನಿನ ತೊಟ್ಟಿಯನ್ನು ಸಾಗಿಸುವುದು ಹೇಗೆ?



ನಮ್ಮ ಮುಳಬಾಗಿಲು ಕಡೆ ಈಗ ಎಷ್ಟೋ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುತ್ತಾರೆ. ಗಪ್ಪಿ, ಮಾಲಿ, ಗೋಲ್ಡ್‌ಫಿಶ್, ಫೈಟರ್ ಇವೆಲ್ಲ ನಮಗೆ ಗೊತ್ತಿರುವ ಮೀನುಗಳೇ. ಬಾಡಿಗೆ ಮನೆ ಬದಲಾಯಿಸುವಾಗ, ಕೆಲಸಕ್ಕೆಂದು ಕೋಲಾರಕ್ಕೋ ಬೆಂಗಳೂರಿಗೋ ಹೋಗಿ ನೆಲೆಸುವಾಗ ತೊಟ್ಟಿಯನ್ನೂ ಸಾಗಿಸಬೇಕಾಗುತ್ತೆ. ಆಗ ಮನೆಯವರು ಪ್ರೀತಿಯಿಂದ ಒಂದು ಕೆಲಸ ಮಾಡುತ್ತಾರೆ. ತೊಟ್ಟಿ, ಕಲ್ಲು, ಸ್ಪಂಜು ಎಲ್ಲವನ್ನೂ ತಿಕ್ಕಿ ತೊಳೆದು, ಪಳಪಳ ಹೊಳೆಯುವ ಹೊಸ ನೀರು ತುಂಬಿ ಮೀನು ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸತ್ತು ತೇಲುತ್ತವೆ. "ದೃಷ್ಟಿ ತಗುಲಿತು" ಅಂತಾರೆ, "ಹೊಸ ಮನೆ ಆಗಿಬರಲಿಲ್ಲ" ಅಂತಾರೆ. ಪಾಪ, ಮನೆ ಏನೂ ಮಾಡಿಲ್ಲ. ಕಾರಣ ನೀರಿನಲ್ಲಿದೆ. ಅದನ್ನು ತಿಳಿದುಕೊಂಡರೆ ಒಂದು ಮೀನೂ ಸಾಯದಂತೆ ತೊಟ್ಟಿ ಸಾಗಿಸಬಹುದು.

ಕಣ್ಣಿಗೆ ಕಾಣದ ಕೆಲಸಗಾರರು

ಮೀನು ಕಿವಿರುಗಳ ಮೂಲಕ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತದೆ. ಅದೇ ಕಿವಿರುಗಳ ಮೂಲಕ ಅಮೋನಿಯ ಎಂಬ ವಿಷವನ್ನು ಹೊರಗೆ ಬಿಡುತ್ತದೆ. ಕೆರೆಯಲ್ಲಾದರೆ ನೀರು ಬೇಕಾದಷ್ಟಿದೆ. ಚಿಕ್ಕ ತೊಟ್ಟಿಯಲ್ಲಿ ಈ ಅಮೋನಿಯ ಎಲ್ಲಿಗೆ ಹೋಗಬೇಕು?

ತೊಟ್ಟಿಯ ಸ್ಪಂಜಿನಲ್ಲಿ, ಕೆಳಗಿನ ಸಣ್ಣ ಕಲ್ಲುಗಳ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಗಳು ಮನೆ ಮಾಡಿಕೊಂಡಿರುತ್ತವೆ. ಅವು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟಿನಿಂದ ಮೀನಿಗೆ ತೊಂದರೆ ತೀರಾ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಸಾಕಷ್ಟು ಬೆಳೆಯಲು ಕೆಲವು ವಾರಗಳೇ ಬೇಕು. ನಾವು ಸ್ಪಂಜನ್ನು ಸೋಪು ಹಾಕಿ ಉಜ್ಜಿದರೆ, ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ, ಬಿಸಿಲಲ್ಲಿ ಒಣಗಿಸಿದರೆ ಈ ಕೆಲಸಗಾರರೆಲ್ಲ ಸತ್ತೋಗುತ್ತಾರೆ. ನೀರು ಕಣ್ಣಿಗೆ ಸ್ವಚ್ಛ, ಒಳಗೆ ಮಾತ್ರ ದಿನೇದಿನೇ ವಿಷ ಏರುತ್ತೆ.

ಆದ್ದರಿಂದ ಇಡೀ ಪಾಠದ ಸಾರ ಇಷ್ಟೇ: ಮೀನಿನ ಜೊತೆಗೆ ಅದರ ಹಳೇ ನೀರು, ತೊಳೆಯದ ಸ್ಪಂಜು, ತೊಳೆಯದ ಕಲ್ಲು ಇವೂ ಹೊಸ ಮನೆಗೆ ಹೋಗಬೇಕು.

ತೂಕದ ಲೆಕ್ಕ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ ಎಷ್ಟು? 60 × 30 × 30 = 54,000 ಘನ ಸೆಂ.ಮೀ. ಅಂದರೆ 54 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಗಾಜು, ಕಲ್ಲು ಬಿಟ್ಟು ನೀರೇ 54 ಕಿಲೋ! ಇಪ್ಪತ್ತೈದು ಕಿಲೋ ಅಕ್ಕಿಯ ಎರಡು ಮೂಟೆಗಿಂತ ಹೆಚ್ಚು. ನೀರಿನ ಸಮೇತ ಎತ್ತಿದರೆ ತಳದ ಗಾಜು ಬಿರುಕು ಬಿಡುತ್ತೆ, ಅಂಟು ಕಿತ್ತುಬರುತ್ತೆ. ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಸಾಗಿಸಬೇಕಾದರೂ ನೀರು ಖಾಲಿ ಮಾಡಿಯೇ ಎತ್ತಬೇಕು.

ಬೇಕಾಗುವ ಸಾಮಾನು

ಸೋಪು ಮುಟ್ಟಿಸದ ಎರಡು ಮೂರು ಬಕೆಟ್, ಗಟ್ಟಿ ಪ್ಲಾಸ್ಟಿಕ್ ಚೀಲಗಳು, ರಬ್ಬರ್ ಬ್ಯಾಂಡು, ಸಣ್ಣ ಬಲೆ, ನೀರು ಇಳಿಸಲು ಒಂದು ಪೈಪು, ಒಂದು ಲೋಟ, ದಪ್ಪ ಬಟ್ಟೆ ಅಥವಾ ಥರ್ಮೋಕೋಲ್ ಡಬ್ಬ.

ಮಾಡುವ ಕ್ರಮ

1. ಹೊರಡುವ ಹಿಂದಿನ ದಿನ ಮೀನಿಗೆ ಆಹಾರ ಹಾಕಬಾರದು. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದು ಕಡಿಮೆ. ಮೀನುಮರಿ ಸಾಗಿಸುವವರೂ ಮರಿಗಳನ್ನು ಚೀಲಕ್ಕೆ ತುಂಬುವ ಮುಂಚೆ ಉಪವಾಸ ಇಡುತ್ತಾರೆ. "ಪಾಪ, ಹಸಿದುಕೊಂಡಿರುತ್ತೆ" ಅನ್ನಬೇಡಿ. ಆರೋಗ್ಯವಾದ ದೊಡ್ಡ ಮೀನಿಗೆ ಒಂದು ದಿನದ ಉಪವಾಸದಿಂದ ಏನೂ ಆಗುವುದಿಲ್ಲ.

2. ತಂಪು ಹೊತ್ತಿನಲ್ಲಿ ಹೊರಡಿ, ಬೆಳಗಿನ ಜಾವ ಉತ್ತಮ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ.

3. ಪಂಪು, ದೀಪಗಳ ಪ್ಲಗ್ಗನ್ನು ಮೊದಲು ಕಿತ್ತುಬಿಡಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

4. ತೊಟ್ಟಿಯ ಮೇಲಿನ ತಿಳಿ ನೀರನ್ನು ಪೈಪಿನಿಂದ ಬಕೆಟ್ಟಿಗೆ ಇಳಿಸಿ. ಕಡೇಪಕ್ಷ ಅರ್ಧ ನೀರನ್ನಾದರೂ ಉಳಿಸಿಕೊಳ್ಳಿ. ಸ್ಪಂಜನ್ನು ಅದೇ ನೀರಿನ ಒಂದು ಬಕೆಟ್ಟಿನಲ್ಲಿ ಮುಳುಗಿಸಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಬ್ಯಾಕ್ಟೀರಿಯಗಳಿಗೂ ಗಾಳಿ ಬೇಕು.

5. ನೀರು ಗೇಣುದ್ದಕ್ಕೆ ಇಳಿದ ಮೇಲೆ ಮೀನು ಹಿಡಿಯಿರಿ. ತುಂಬಿದ ತೊಟ್ಟಿಯಲ್ಲಿ ಅಟ್ಟಾಡಿಸಿದರೆ ಅವು ಹೆದರಿ ಸುಸ್ತಾಗುತ್ತವೆ. ಕೈಯಲ್ಲಿ ಹಿಡಿಯಬಾರದು, ಮೈಮೇಲಿನ ಲೋಳೆ ಹೋಗುತ್ತೆ. ಆ ಲೋಳೆಯೇ ಮೀನಿಗೆ ರೋಗ ಬಾರದಂತೆ ಕಾಯುವ ಅಂಗಿ.

6. ಚೀಲದಲ್ಲಿ ಮೂರರಲ್ಲಿ ಒಂದು ಪಾಲು ಹಳೇ ನೀರು, ಎರಡು ಪಾಲು ಗಾಳಿ ಇರಲಿ. ಬಾಯಿಂದ ಊದಬಾರದು. ಹೊರಗಿನ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇದ್ದರೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 16 ಮಾತ್ರ, ಜೊತೆಗೆ ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್! ಚೀಲದ ಬಾಯಿ ಅಗಲಿಸಿ ಗಾಳಿಯಲ್ಲಿ ಬೀಸಿ ಹಿಡಿದು ಕಟ್ಟಿದರೆ ಸಾಕು. ಚೀಲದ ಕೆಳಗಿನ ಎರಡು ಮೂಲೆಗಳಿಗೂ ರಬ್ಬರ್ ಬ್ಯಾಂಡು ಹಾಕಿ, ಸಣ್ಣ ಮೀನು ಮೂಲೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು ಚೀಲ ಹೊರಗಿನಿಂದ ಹಾಕಿ, ಬಟ್ಟೆ ಸುತ್ತಿ ಕತ್ತಲು ಮಾಡಿ. ಕತ್ತಲಲ್ಲಿ ಮೀನು ಸುಮ್ಮನಿರುತ್ತೆ.

7. ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ತೊಟ್ಟಿಯನ್ನು ಜೋಡಿಸಿ. ಕಲ್ಲು, ಸ್ಪಂಜು, ಹಳೇ ನೀರು, ಉಳಿದ ಭಾಗಕ್ಕೆ ಹೊಸ ನೀರು, ಆಮೇಲೆ ಪಂಪು. ಮೀನಿನ ಚೀಲವನ್ನು ಕಟ್ಟಿದ ಹಾಗೇ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ, ಬಿಸಿ ತಂಪು ಸಮ ಆಗಲಿ. ಅನಂತರ ಚೀಲ ಬಿಚ್ಚಿ ಐದು ನಿಮಿಷಕ್ಕೊಮ್ಮೆ ಒಂದೊಂದು ಲೋಟ ತೊಟ್ಟಿಯ ನೀರು ಹಾಕಿ. ಅರ್ಧ ಗಂಟೆಯ ಮೇಲೆ ಮೀನನ್ನು ಬಲೆಯಿಂದ ಎತ್ತಿ ಬಿಡಿ. ಚೀಲದ ಕೊಳೆ ನೀರನ್ನು ತೊಟ್ಟಿಗೆ ಸುರಿಯಬೇಡಿ, ಗಿಡಕ್ಕೆ ಹಾಕಿ.

8. ಆ ದಿನ ದೀಪವೂ ಬೇಡ, ಊಟವೂ ಬೇಡ. ಮರುದಿನದಿಂದ ಚಿಟಿಕೆಯಷ್ಟು ಹಾಕಿ. ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ ಕಾಲು ಭಾಗ ನೀರು ಬದಲಾಯಿಸಿ. ಕರೆಂಟು ಹೋದರೆ ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಿ, ಗಾಳಿ ಬೆರೆಯುತ್ತೆ.

ನಮ್ಮೂರ ನೀರು, ಬೇರೆ ಊರ ನೀರು

ನಮ್ಮ ತಾಲ್ಲೂಕಿನಲ್ಲಿ ಹೆಚ್ಚಿನದು ಬೋರು ನೀರು. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಅದು ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ. ಬೆಂಗಳೂರಿನ ಕಾವೇರಿ ನೀರು ಇದಕ್ಕಿಂತ ಮೆದು. ಇಲ್ಲಿ ಬೆಳೆದ ಮೀನನ್ನು ಅಲ್ಲಿನ ನೀರಿಗೆ ದಿಢೀರನೆ ಬಿಟ್ಟರೆ ಅದರ ಮೈ ತಡೆಯಲಾರದು. ಹಳೇ ನೀರು ಒಯ್ಯಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಬೋರಿನಿಂದ ಆಗ ತಾನೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದುಂಟು. ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿರಬಹುದು, ಅದು ಕಿವಿರನ್ನು ಸುಡುತ್ತೆ. ಎರಡಕ್ಕೂ ಮದ್ದು ಒಂದೇ. ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಎರಡು ಮೂರು ಸಲ ಎತ್ತರದಿಂದ ಸುರಿದು ಬಳಸಬೇಕು.

ಸಂತೆಯಲ್ಲಿ ಕೊರಮೀನು ಸ್ವಲ್ಪವೇ ನೀರಿನಲ್ಲಿ ಗಂಟೆಗಟ್ಟಲೆ ಬದುಕಿರುತ್ತಲ್ಲ ಎಂದು ಕೇಳಬಹುದು. ಕೊರಮೀನು ನೀರಿನ ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡಬಲ್ಲದು. ಫೈಟರ್ ಮೀನಿಗೂ ಆ ಶಕ್ತಿ ಇದೆ. ಗೋಲ್ಡ್‌ಫಿಶ್‌ಗೆ ಅಂಥ ಅಂಗ ಇಲ್ಲ.

ಗಪ್ಪಿ ಮಾಡಿದ ಉಪಕಾರ

ಗಪ್ಪಿಯನ್ನು ಬರೀ ಚೆಂದಕ್ಕೆ ಸಾಕುವ ಮೀನು ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ನಮ್ಮ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲ ಹಳ್ಳಿಗಳಲ್ಲಿ ಮಲೇರಿಯ ತಡೆಯಲು ಬಾವಿಗಳಿಗೆ ಗಪ್ಪಿಯನ್ನೂ, ಕುಂಟೆಗಳಿಗೆ ಗಂಬೂಸಿಯ ಮೀನನ್ನೂ ಬಿಟ್ಟರು. ಅವು ಸೊಳ್ಳೆಯ ಮರಿಗಳನ್ನು ತಿಂದವು, ಜ್ವರ ಬಹಳ ಇಳಿಯಿತು. ಆ ಮೀನುಗಳೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೀವಂತವಾಗಿ ಹೋಗಿದ್ದರಿಂದಲೇ ಈ ಕೆಲಸ ಆಯಿತು. ಮನೆಯ ಸಿಮೆಂಟ್ ತೊಟ್ಟಿಗೆ ಗಪ್ಪಿ ತರುವಾಗಲೂ ಮೇಲಿನ ಕ್ರಮವನ್ನೇ ಅನುಸರಿಸಿ.

ಎಚ್ಚರಿಕೆ

ಮನೆ ಬದಲಾಯಿಸುವಾಗ "ಬೇಡ ಬಿಡು" ಎಂದು ಸಾಕಿದ ಮೀನನ್ನು ಕೆರೆಗೆ ಬಿಡಬೇಡಿ. ಅದು ಪುಣ್ಯದ ಕೆಲಸ ಅಲ್ಲ. ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ತೊಟ್ಟಿಗಳಿಂದ ಹೊರಬಿದ್ದು ಅದು ದಕ್ಷಿಣ ಭಾರತದ ಕೆರೆ, ನದಿಗಳಲ್ಲಿ ಹಬ್ಬಿ ಮೀನುಗಾರರ ಬಲೆ ಹರಿಯುತ್ತಿದೆ. ಗಂಬೂಸಿಯವೂ ನಾಟಿ ಮೀನುಗಳ ಮೊಟ್ಟೆ, ಮರಿ ತಿನ್ನುತ್ತೆ. ಬೇಡವಾದ ಮೀನನ್ನು ಸಾಕುವ ಗೆಳೆಯರಿಗೆ ಕೊಡಿ.

ಯೋಚಿಸಿ ಉತ್ತರಿಸಿ

1. 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ನೀರಿನ ತೂಕ ಎಷ್ಟು?
2. ಹಳೇ ನೀರು ಪೂರ್ತಿ ಚೆಲ್ಲಿಹೋಯಿತು, ಸ್ಪಂಜು ಮಾತ್ರ ಒದ್ದೆಯಾಗಿ ಉಳಿದಿದೆ. ಮೀನುಗಳಿಗೆ ಯಾವ ತೊಂದರೆ ತಪ್ಪಿತು, ಯಾವುದು ಉಳಿಯಿತು?
3. ಚೀಲಕ್ಕೆ ಬಾಯಿಂದ ಏಕೆ ಊದಬಾರದು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿಡಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.