ಹಿಮದ ನಾಡಿನ ಆಟಗಳು

ನಮ್ಮಲ್ಲಿ ಮಾಗಿಯ ಚಳಿಯೆಂದರೆ ಒಂದು ಕಂಬಳಿಯಿಂದ ತೀರುವ ವಿಷಯ. ಕೆನಡ, ನಾರ್ವೆ, ಸ್ವೀಡನ್ ಮೊದಲಾದ ದೇಶಗಳಲ್ಲಾದರೋ ತಿಂಗಳುಗಟ್ಟಲೆ ನೆಲವೆಲ್ಲ ಹಿಮದಿಂದ ಮುಚ್ಚಿ, ಕೆರೆಗಳ ಮೇಲ್ಮೈ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆದರೂ ಅಲ್ಲಿಯ ಮಕ್ಕಳು ಮನೆಯೊಳಗೆ ಅಡಗಿ ಕೂಡುವುದಿಲ್ಲ. ಶಾಲೆಗಳೂ ಸ್ಕೌಟ್ ದಳಗಳೂ ಯುವಕ ಸಂಘಗಳೂ ಅವರನ್ನು ಬಯಲಿಗೆ ಕರೆದೊಯ್ದು ಆಡಿಸುತ್ತವೆ. ಯಾವ ವಯಸ್ಸಿನವರಿಗೆ ಯಾವ ಆಟ ತಕ್ಕುದೆಂಬುದನ್ನು ಅಲ್ಲಿಯ ಹಿರಿಯರು ಅನುಭವದಿಂದ ಬಲ್ಲರು. ಆ ಅನುಭವದ ಹಿಂದಿರುವ ಭೌತವಿಜ್ಞಾನವನ್ನು ನಾವು ಇಲ್ಲಿ ಪರಿಶೀಲಿಸೋಣ. ಹಿಮವನ್ನು ಕಣ್ಣಾರೆ ಕಾಣದ ವಿದ್ಯಾರ್ಥಿಗೂ ಇದರಲ್ಲಿ ಕಲಿಯತಕ್ಕದ್ದು ಉಂಟು. ಏಕೆಂದರೆ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ವಿವರಣೆ ಲೆಕ್ಕದ ಮುಂದೆ ನಿಲ್ಲಲಾರದೆ ಬೀಳುವುದನ್ನು ಇಲ್ಲಿ ನೋಡಬಹುದು.

ಎಲ್ಲಕ್ಕಿಂತ ಚಿಕ್ಕವರ ಆಟ ಹಿಮದ ಉಂಡೆ ಕಟ್ಟುವುದು. ಉಷ್ಣತೆ ಸೊನ್ನೆ ಡಿಗ್ರಿಗೆ ಸಮೀಪವಾಗಿದ್ದರೆ ಹಿಮ ಅಂಗೈಯ ಒತ್ತಡಕ್ಕೆ ಅವಲಕ್ಕಿಯುಂಡೆಯಂತೆ ಕಟ್ಟಿಕೊಳ್ಳುತ್ತದೆ. ಸೊನ್ನೆಗಿಂತ ಬಹಳ ಕೆಳಗಿಳಿದರೆ ಅದೇ ಹಿಮ ಒಣ ಮರಳಿನಂತೆ ಬೆರಳ ಸಂದಿನಿಂದ ಉದುರಿಹೋಗುತ್ತದೆ. 1850ರಲ್ಲಿ ಮೈಕೆಲ್ ಫ್ಯಾರಡೆ ಇದರ ಕಾರಣವನ್ನು ಊಹಿಸಿದನು. ಮಂಜುಗಡ್ಡೆಯ ಮೈಮೇಲೆ ಸದಾ ಒಂದು ತೆಳುವಾದ ದ್ರವದ ಪೊರೆ ಇರುತ್ತದೆ. ಎರಡು ತುಂಡುಗಳು ತಾಗಿದಾಗ ನಡುವೆ ಸಿಕ್ಕ ಪೊರೆ ಹೆಪ್ಪುಗಟ್ಟಿ ಅವನ್ನು ಬೆಸೆಯುತ್ತದೆ ಎಂದು ಅವನ ಅಭಿಪ್ರಾಯ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಚಿಕ್ಕ ಮಕ್ಕಳ ಆಟದ ಅವಧಿ ಸಣ್ಣದಾಗಿರಬೇಕೆಂದು ಹಿರಿಯರು ಹೇಳುವುದು ಬರಿಯ ಮಮತೆಯಿಂದಲ್ಲ. ತಂದೆಯ ಅರ್ಧ ಎತ್ತರವಿರುವ ಮಗುವಿನ ಮೈಯ ಹೊರ ವಿಸ್ತೀರ್ಣ ತಂದೆಯದರ ಕಾಲುಭಾಗವಾದರೆ, ಗಾತ್ರ ಎಂಟನೆಯ ಒಂದು ಭಾಗ ಮಾತ್ರ. ಶಾಖ ಹೊರಹೋಗುವುದು ಮೈಯ ಹೊರಭಾಗದಿಂದ, ಕೂಡಿಟ್ಟಿರುವುದು ಗಾತ್ರದಲ್ಲಿ. ಆದುದರಿಂದ ಪ್ರತಿ ಕಿಲೋಗ್ರಾಮಿಗೆ ಮಗು ತಂದೆಯ ಎರಡರಷ್ಟು ವಿಸ್ತೀರ್ಣವನ್ನು ಚಳಿಗೆ ಒಡ್ಡುತ್ತದೆ. ನಿಂತು ನೋಡುವ ಆಟ ಅದಕ್ಕೆ ಸಲ್ಲದು. ಓಡುತ್ತಲೇ ಇರುವ ಆಟ ಬೇಕು. ಉತ್ತರ ಅಮೆರಿಕದಲ್ಲಿ ‘ನರಿ ಮತ್ತು ಬಾತುಗಳು’ ಎಂಬ ಆಟ ಇದಕ್ಕೆ ಒಳ್ಳೆಯ ಉದಾಹರಣೆ. ಹಿಮವನ್ನು ಕಾಲಿನಿಂದ ತುಳಿದು ಗಾಡಿಯ ಚಕ್ರದಂತೆ ಒಂದು ದೊಡ್ಡ ವೃತ್ತವನ್ನೂ ಅದರೊಳಗೆ ಅರೆಕಾಲುಗಳನ್ನೂ ಮಾಡುತ್ತಾರೆ. ನರಿಯಾದವನು ಉಳಿದವರನ್ನು ಅಟ್ಟಬೇಕು. ಯಾರೂ ತುಳಿದ ಹಾದಿಯನ್ನು ಬಿಟ್ಟು ಹೊರಗೆ ಕಾಲಿಡಕೂಡದು. ನಮ್ಮ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಇದನ್ನೇ ಆಡಬಹುದು. ಆದರೆ ಹಿಮದ ನಾಡಿನಲ್ಲಿ ಬೆವರು ಬರುವಷ್ಟು ಓಡಿಸಬಾರದು. ಉಣ್ಣೆಯ ಬಟ್ಟೆ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸೆರೆಸಿಕ್ಕ ಗಾಳಿಯಿಂದ. ಅಲ್ಲಿ ನೀರು ಸೇರಿಕೊಂಡರೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆಯಾದ ಅಂಗಿ ಮೈಯ ಬಿಸಿಯನ್ನು ಕದಿಯುತ್ತದೆ.

ಎಂಟು ಹತ್ತು ವರ್ಷದವರಿಗೆ ಪ್ರಿಯವಾದುದು ಇಳಿಜಾರಿನ ಮೇಲೆ ಸ್ಲೆಡ್ಜ್ ಬಂಡಿಯಲ್ಲಿ ಜಾರುವ ಆಟ. ಇದನ್ನು ನಿರಪಾಯವೆಂದು ಎಣಿಸುವವರೇ ಹೆಚ್ಚು. ಲೆಕ್ಕ ಮಾಡಿ ನೋಡೋಣ. ಹಿಮಕ್ಕೂ ಬಂಡಿಗೂ ನಡುವಣ ಘರ್ಷಣಾಂಕ 0.05 ಎಂದಿಟ್ಟುಕೊಂಡರೆ, ಮೂರು ಡಿಗ್ರಿ ಇಳಿಜಾರಿನಲ್ಲಿಯೇ ಬಂಡಿ ತಾನಾಗಿ ಸಾಗಬಲ್ಲದು. ಇಳಿಜಾರು 10 ಡಿಗ್ರಿ, ಉದ್ದ 30 ಮೀಟರ್ ಆಗಿದ್ದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1.2 ಮೀಟರಿನಷ್ಟಾಗಿ, ಬುಡವನ್ನು ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 8.5 ಮೀಟರ್, ಎಂದರೆ ಗಂಟೆಗೆ 30 ಕಿಲೋಮೀಟರಿಗೆ ಮೇಲೆ. ಗಾಳಿಯ ತಡೆಯನ್ನು ಬಿಟ್ಟರೆ ಈ ಲೆಕ್ಕದಲ್ಲಿ ತೂಕದ ಪ್ರಸ್ತಾಪವೇ ಬರುವುದಿಲ್ಲ. ಏಳು ವರ್ಷದ ಬಾಲಕಿಗೂ ಇಪ್ಪತ್ತು ವರ್ಷದ ಯುವಕನಿಗೂ ವೇಗ ಒಂದೇ. ಈ ವೇಗದಲ್ಲಿ ಮರಕ್ಕೆ ಬಡಿಯುವುದು 3.7 ಮೀಟರ್ ಎತ್ತರದಿಂದ, ಹೆಚ್ಚು ಕಡಮೆ ಮನೆಯ ತಾರಸಿಯಿಂದ, ನೆಲಕ್ಕೆ ಬೀಳುವುದಕ್ಕೆ ಸಮ. ಇನ್ನೊಂದು ಸಂಗತಿ: ಬುಡದಲ್ಲಿ ಸಮತಲ ನೆಲವಿದ್ದರೆ ಬಂಡಿ ಅಲ್ಲಿಯೇ ನಿಲ್ಲುವುದಿಲ್ಲ, ಅದೇ ಘರ್ಷಣಾಂಕದಿಂದ ಎಣಿಸಿದರೆ ಇನ್ನೂ 75 ಮೀಟರ್ ಓಡಿ ನಿಲ್ಲುತ್ತದೆ. 30 ಮೀಟರ್ ಗುಡ್ಡಕ್ಕೆ 75 ಮೀಟರ್ ಬಯಲು! ಕೆಳಗೆ ರಸ್ತೆಯೋ ಬೇಲಿಯೋ ಕೊಳವೋ ಇರುವ ಗುಡ್ಡವನ್ನು ಆರಿಸುವ ನಾಯಕನು ಈ ಸಂಖ್ಯೆಯನ್ನು ಮರೆತಿರುತ್ತಾನೆ. ದೊಡ್ಡವನು ಹಿಮ್ಮಡಿಯನ್ನು ಹಿಮಕ್ಕೆ ಊರಿ ಬಂಡಿಯನ್ನು ತಡೆದಾನು. ಚಿಕ್ಕ ಮಗುವಿನ ಕಾಲಿಗೆ ಆ ಬಲವೂ ಉದ್ದವೂ ಇಲ್ಲ. ತಲೆ ಮುಂದಾಗಿ ಮಲಗಿ ಜಾರುವುದನ್ನು ಯಾವ ವಯಸ್ಸಿನವರಿಗೂ ಬಿಡಬಾರದೆಂದೂ, ತಲೆಗೆ ಹೆಲ್ಮೆಟ್ ಇರಬೇಕೆಂದೂ ಬೇರೆ ಹೇಳಬೇಕಾಗಿಲ್ಲ.

ಇನ್ನು ಸ್ಕೇಟಿಂಗ್. ಉಕ್ಕಿನ ಅಲಗನ್ನು ಪಾದರಕ್ಷೆಯ ಕೆಳಗೆ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುವ ಈ ಆಟ ನಮ್ಮ ದೇಶದಲ್ಲಿಯೂ ಲಡಾಖಿನ ಹೆಪ್ಪುಗಟ್ಟಿದ ಕೊಳಗಳ ಮೇಲೆ ನಡೆಯುತ್ತದೆ. ಅಲಗು ಜಾರುವುದೇಕೆ? ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆಂದು ಜೇಮ್ಸ್ ಥಾಮ್ಸನ್ 1849ರಲ್ಲಿ ತರ್ಕದಿಂದ ಸಾಧಿಸಿದನು; ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ಅವನ ತಮ್ಮ ವಿಲಿಯಂ ಮರುವರ್ಷ ಪ್ರಯೋಗದಿಂದ ಅದನ್ನು ದೃಢಪಡಿಸಿದನು. 1886ರಲ್ಲಿ ಐರ್ಲೆಂಡಿನ ಜಾನ್ ಜಾಲಿ ಸ್ಕೇಟಿಂಗಿಗೆ ಇದೇ ಕಾರಣವೆಂದನು. ತೂಕ ಕಟ್ಟಿದ ತಂತಿ ಮಂಜುಗಡ್ಡೆಯನ್ನು ಕೊಯ್ದು ಹೊರಬಂದರೂ ಗಡ್ಡೆ ಎರಡಾಗದೆ ಉಳಿಯುವ ಪ್ರಯೋಗವನ್ನು ನಾವೂ ಕಾಲೇಜಿನ ತರಗತಿಗಳಲ್ಲಿ ತೋರಿಸುತ್ತೇವೆ. ಅದರ ಬೆನ್ನಿಗೇ ಸ್ಕೇಟಿಂಗಿನ ಉದಾಹರಣೆಯನ್ನು ಕೊಡುವುದು ವಾಡಿಕೆ.

ತತ್ತ್ವವೇನೋ ನಿಜ, ಆದರೆ ಪ್ರಮಾಣ ಸಾಲದು. ಒಂದು ವಾಯುಮಂಡಲದ ಒತ್ತಡಕ್ಕೆ ಕರಗುವ ಬಿಂದು ಇಳಿಯುವುದು 0.0074 ಡಿಗ್ರಿ ಮಾತ್ರ. 60 ಕಿಲೋಗ್ರಾಂ ತೂಕದ ತರುಣನು ಒಂದೇ ಕಾಲಿನ ಮೇಲೆ ನಿಂತಿರಲಿ. ಅಲಗಿನ ಉದ್ದ 30 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್. ಅಲಗೆಲ್ಲ ತಾಗಿದರೆ ಒತ್ತಡ ಆರೂವರೆ ವಾಯುಮಂಡಲ; ಇಳಿಕೆ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗ. ಅಲಗು ಬಾಗಿರುವುದರಿಂದ 5 ಸೆಂಟಿಮೀಟರ್ ಮಾತ್ರ ತಾಗುತ್ತದೆಂದು ಧಾರಾಳವಾಗಿ ಒಪ್ಪಿದರೂ ಇಳಿಕೆ 0.3 ಡಿಗ್ರಿಯನ್ನು ದಾಟದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ. 25 ಕಿಲೋಗ್ರಾಂ ತೂಕದ ಹುಡುಗಿಯೂ ತನ್ನ ಅಣ್ಣನಷ್ಟೇ ಸರಾಗವಾಗಿ ಜಾರುತ್ತಾಳೆ. ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಐಸ್ ಹಾಕಿಯ ರಬ್ಬರ್ ಬಿಲ್ಲೆ. ಸುಮಾರು 170 ಗ್ರಾಂ ತೂಕದ ಅದು ಚಪ್ಪಟೆಯಾಗಿ ಕುಳಿತಾಗ ಒಂದು ಚದರ ಸೆಂಟಿಮೀಟರಿನ ಮೇಲೆ ನಾಲ್ಕು ಗ್ರಾಂ ಭಾರವನ್ನೂ ಹಾಕುವುದಿಲ್ಲ. ಆದರೂ ಬಾಣದಂತೆ ಹೋಗುತ್ತದೆ.

1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಘರ್ಷಣೆಯ ಶಾಖವೇ ಮಂಜುಗಡ್ಡೆಯನ್ನು ಕರಗಿಸುತ್ತದೆಂದು ಪ್ರಯೋಗಗಳಿಂದ ತೋರಿಸಿದರು. ನಮ್ಮ ತರುಣನ ಮೇಲಿನ ಘರ್ಷಣ ಬಲ, ಘರ್ಷಣಾಂಕ 0.005 ಆದರೆ, 3 ನ್ಯೂಟನ್. ಅವನು ಒಂದು ಮೀಟರ್ ಜಾರಿದಾಗ 3 ಜೂಲ್ ಶಾಖ ಹುಟ್ಟುತ್ತದೆ. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 334 ಜೂಲ್ ಬೇಕು. ಆದುದರಿಂದ ಕರಗುವುದು ಹೆಚ್ಚೆಂದರೆ 9 ಮಿಲಿಗ್ರಾಂ. ಅತ್ಯಲ್ಪವೆಂದು ತೋರಬಹುದು. ಆದರೆ 3 ಮಿಲಿಮೀಟರ್ ಅಗಲದ ಹಾದಿಯ ಮೇಲೆ ಅದನ್ನು ಹರಡಿದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ದಪ್ಪದ ಪೊರೆಯಾಗುತ್ತದೆ. ಶಾಖದಲ್ಲಿ ಬಹುಭಾಗ ಗಡ್ಡೆಯೊಳಕ್ಕೆ ಇಳಿದುಹೋದರೂ ಉಳಿದುದು ಅಲಗಿಗೆ ಎಣ್ಣೆಯ ಕೆಲಸ ಮಾಡೀತು.

ಹೀಗಿದ್ದರೂ ಸುಮ್ಮನೆ ನಿಂತವನ ಕಾಲೂ ಜಾರುವುದೇಕೆ? ಅವನಲ್ಲಿ ಘರ್ಷಣೆಯ ಶಾಖವಿಲ್ಲ. ಇಲ್ಲಿ ಫ್ಯಾರಡೆಯ ಮಾತಿಗೆ ಮರಳಬೇಕು. ಗಡ್ಡೆಯ ಒಳಗಿನ ನೀರಿನ ಅಣು ನಾಲ್ಕು ನೆರೆಯ ಅಣುಗಳೊಡನೆ ಕಟ್ಟಿಕೊಂಡಿರುತ್ತದೆ. ಮೇಲ್ಮೈಯ ಅಣುವಿಗೆ ಮೇಲೆ ನೆರೆಯವರಿಲ್ಲ. ಕಟ್ಟು ಕಡಮೆಯಾದ ಆ ಅಣುಗಳು ಸೊನ್ನೆಗಿಂತ ಕೆಳಗೂ ಸಡಿಲವಾಗಿ ಹೊರಳಾಡುತ್ತವೆ. ಆಮ್‌ಸ್ಟರ್‌ಡ್ಯಾಮಿನ ಮತ್ತು ಜರ್ಮನಿಯ ಮೈಂಟ್ಸಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಜಾರಿಕೆ ಅತ್ಯಂತ ಹೆಚ್ಚಿರುವುದು ಸೊನ್ನೆಗಿಂತ 7 ಡಿಗ್ರಿ ಕೆಳಗೆ. ಅದಕ್ಕಿಂತ ಚಳಿಯಾದರೆ ಅಣುಗಳ ಚಲನೆ ಕುಗ್ಗುತ್ತದೆ. ಬೆಚ್ಚಗಾದರೆ ಗಡ್ಡೆಯೇ ಮೆತ್ತಗಾಗಿ ಅಲಗು ಉಳುತ್ತದೆ.

ಆದರೆ ಜಾರುವ ಮೊದಲು ಗಡ್ಡೆ ನಮ್ಮನ್ನು ಹೊರುವುದೋ ಎಂಬ ಪ್ರಶ್ನೆ ಇದೆ. ಪ್ರತಿ ಚಳಿಗಾಲದಲ್ಲಿಯೂ ಕೆರೆಯ ಮೇಲೆ ಆಡಹೋದ ಮಕ್ಕಳು ಮುಳುಗಿದ ಸುದ್ದಿ ಆ ದೇಶಗಳಿಂದ ಬರುತ್ತದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾದುದರಿಂದ ಅದಕ್ಕಿಂತ ತಣ್ಣಗಾದ ನೀರು ಮೇಲೆಯೇ ನಿಂತು, ಕೆರೆ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ. ಮೇಲೆ ಹಿಮ ಬಿದ್ದರೆ ಅದು ಹೊದಿಕೆಯಂತೆ ಚಳಿಯನ್ನು ತಡೆದು, ಗಡ್ಡೆ ದಪ್ಪವಾಗದಂತೆ ಮಾಡುತ್ತದೆ. ಬೆಳ್ಳಗೆ ಮುಚ್ಚಿದ ಕೆರೆ ಹೆಚ್ಚು ಗಟ್ಟಿಯೆಂದು ಭಾವಿಸುವುದು ಆದುದರಿಂದಲೇ ಅಪಾಯ. ಗಡ್ಡೆ ಹೊರುವ ಭಾರ ಅದರ ದಪ್ಪದ ವರ್ಗದಂತೆ ಏರುತ್ತದೆ: ದಪ್ಪ ಅರ್ಧವಾದರೆ ಹೊರುವ ಶಕ್ತಿ ಕಾಲುಭಾಗ. ಸ್ವಚ್ಛವಾದ, ಪಾರದರ್ಶಕವಾದ ಗಡ್ಡೆ 10 ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಒಬ್ಬನೂ ಕಾಲಿಡಬಾರದೆಂಬುದು ಬಳಕೆಯ ನಿಯಮ. ಗುಂಪು ಆಡಬೇಕಾದರೆ ಅದರ ಎರಡರಷ್ಟು ಬೇಕು. ಗಾಳಿಗುಳ್ಳೆ ತುಂಬಿದ ಬಿಳಿ ಗಡ್ಡೆಗೆ ಈ ಅಳತೆಗಳನ್ನು ಮತ್ತೆ ಇಮ್ಮಡಿಸಬೇಕು. ಹರಿಯುವ ತೊರೆ ಬಂದು ಸೇರುವ ಕಡೆ ಯಾವ ಅಳತೆಯನ್ನೂ ನಂಬುವಂತಿಲ್ಲ.

ಕಾಲೇಜಿನ ವಯಸ್ಸಿನವರಿಗೆ ಸ್ಕೀಯಿಂಗ್, ಐಸ್ ಹಾಕಿ ಮುಂತಾದುವು ಇವೆ. ನಮಗೆ ಅವೆಲ್ಲಕ್ಕಿಂತ ಕುತೂಹಲಕರವಾಗಿ ಕಾಣುವುದು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕರ್ಲಿಂಗ್. ಸುಮಾರು 20 ಕಿಲೋಗ್ರಾಂ ತೂಗುವ ದುಂಡನೆಯ ಬೆಣಚುಕಲ್ಲನ್ನು ಮೆಲ್ಲಗೆ ತಿರುಗಿಸಿ 45 ಮೀಟರ್ ಉದ್ದದ ಗಡ್ಡೆಯ ಅಂಕಣದಲ್ಲಿ ಜಾರಿಬಿಡುತ್ತಾರೆ; ಜೊತೆಗಾರರು ಮುಂದೆ ಪೊರಕೆಯಿಂದ ಉಜ್ಜಿ, ಗಡ್ಡೆಯನ್ನು ಬಿಸಿಮಾಡಿ ಘರ್ಷಣೆಯನ್ನು ಕುಗ್ಗಿಸುತ್ತಾರೆ. ಚಿಕ್ಕವರಿಗೆ ಹಗುರವಾದ ಕಲ್ಲುಗಳುಂಟು. ಕಲ್ಲು ನೇರವಾಗಿ ಹೋಗದೆ ಬಾಗಿ ಹೋಗುವುದೇ ಆಟದ ಸೊಗಸು. ವಾಚಕರು ಇದನ್ನು ಮನೆಯಲ್ಲಿಯೇ ಒಂದಿಷ್ಟು ಪರೀಕ್ಷಿಸಬಹುದು. ಲೋಟವನ್ನು ನುಣುಪಾದ ಮೇಜಿನ ಮೇಲೆ ಬೋರಲು ಹಾಕಿ, ಗಡಿಯಾರದ ಮುಳ್ಳಿನಂತೆ ಬಲಸುತ್ತು ತಿರುಗಿಸುತ್ತ ಮುಂದಕ್ಕೆ ತಳ್ಳಿದರೆ ಅದು ಎಡಕ್ಕೆ ಬಾಗುತ್ತದೆ. ಜಾರುವಾಗ ಲೋಟ ಮುಂದಕ್ಕೆ ವಾಲಿ ಮುಂದಿನ ಅಂಚು ಹೆಚ್ಚು ಒತ್ತುತ್ತದೆ; ಆ ಅಂಚು ಬಲಕ್ಕೆ ಚಲಿಸುತ್ತಿರುವುದರಿಂದ ಘರ್ಷಣೆ ಎಡಕ್ಕೆ ಎಳೆಯುತ್ತದೆ. ಕರ್ಲಿಂಗ್ ಕಲ್ಲಾದರೋ ಬಲಸುತ್ತು ತಿರುಗಿದರೆ ಬಲಕ್ಕೇ ಬಾಗುತ್ತದೆ! ಮುಂದಿನ ಅಂಚಿನಡಿ ಗಡ್ಡೆ ಹೆಚ್ಚು ಕರಗಿ ಅಲ್ಲಿ ಘರ್ಷಣೆ ಕಡಮೆಯಾಗುವುದೆಂದು ಕೆಲವರು. ಮುಂದಿನ ಅಂಚು ಕೊರೆದ ಸೂಕ್ಷ್ಮ ಗೀರುಗಳು ಹಿಂದಿನ ಅಂಚನ್ನು ದಾರಿಗೆ ಎಳೆಯುವುವೆಂದು 2013ರಲ್ಲಿ ಸ್ವೀಡನ್ನಿನ ಉಪ್ಸಾಲದ ಸಂಶೋಧಕರು. ವಾದ ಇನ್ನೂ ಮುಗಿದಿಲ್ಲ. ಪ್ರಯೋಗ ಮಾಡುವವರು ಗಾಜಿನ ಲೋಟಕ್ಕೆ ಬದಲು ಸ್ಟೀಲಿನ ಲೋಟವನ್ನು ಬಳಸುವುದು ಲೇಸು. ಮೇಜಿನ ಅಂಚು ನಾವೆಣಿಸಿದ್ದಕ್ಕಿಂತ ಬೇಗ ಬರುತ್ತದೆ.